ನಕಾಶೆಯ ತಪ್ಪು ತಿದ್ದುವವರು

ಖಲೀಫ ಮಾಮೂನರ ಕಾಲದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಎಂಬ ವಿದ್ವಾಂಸರು 'ಸೂರತುಲ್ ಅರ್ಝ್' ಎಂಬ ಗ್ರಂಥವನ್ನು ರಚಿಸಿದರು. ಬೀಜಗಣಿತದ ಚರಿತ್ರೆಯಲ್ಲಿ ನಾವು ಓದುವ ಖ್ವಾರಿಝ್ಮಿಯೇ ಇವರು. ಕ್ರಿ.ಶ. 833ರ ಸುಮಾರಿಗೆ ಮುಗಿದ ಈ ಗ್ರಂಥದಲ್ಲಿ ಕಥೆಯಿಲ್ಲ, ಪ್ರವಾಸದ ವರ್ಣನೆಯೂ ಇಲ್ಲ. ಪಟ್ಟಣ, ಬೆಟ್ಟ, ಸಮುದ್ರ, ದ್ವೀಪ, ನದಿಗಳ ಎರಡು ಸಾವಿರಕ್ಕೂ ಹೆಚ್ಚು ಸ್ಥಳಗಳ ಹೆಸರುಗಳಿವೆ. ಪ್ರತಿಯೊಂದರ ಮುಂದೆಯೂ ಅದರ ಅಕ್ಷಾಂಶ, ರೇಖಾಂಶಗಳಿವೆ. ಇದರ ಮೂಲ ಸಾಮಗ್ರಿ ಟಾಲೆಮಿಯದು. ಟಾಲೆಮಿ ಮೆಡಿಟರೇನಿಯನ್ ಸಮುದ್ರದ ಉದ್ದವನ್ನು ಅರುವತ್ತಕ್ಕೂ ಹೆಚ್ಚು ಡಿಗ್ರಿ ಎಂದು ಬರೆದಿದ್ದರು. ಖ್ವಾರಿಝ್ಮಿ ಅದನ್ನು ಸುಮಾರು 50 ಡಿಗ್ರಿಗೆ ಇಳಿಸಿದರು. ನಿಜವಾದ ಉದ್ದ ಸುಮಾರು 42 ಡಿಗ್ರಿ. ಅಂದರೆ ತಿದ್ದುಪಡಿಯಲ್ಲೂ ತಪ್ಪು ಉಳಿದಿತ್ತು. ಆದರೆ ಏಳು ಶತಮಾನಗಳಿಂದ ಪ್ರಮಾಣವೆನಿಸಿದ್ದ ಒಂದು ಅಂಕಿಯನ್ನು ಅವರು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ತಿದ್ದುತ್ತೇನೆಂದು ಇಡೀ ಪಟ್ಟಿಯನ್ನು ಹರಿದು ಎಸೆಯಲೂ ಇಲ್ಲ.

ಇಂದು ಈ ಕೆಲಸ ಬಹುಪಾಲು ಕಂಪ್ಯೂಟರಿನೊಳಗೆ ನಡೆಯುತ್ತದೆ. ಜಗತ್ತಿನ ಎಷ್ಟೋ ಸರ್ವೆ ಕಚೇರಿ, ವಿಶ್ವವಿದ್ಯಾನಿಲಯ ಮತ್ತು ಸೇವಾಸಂಸ್ಥೆಗಳು ನಕಾಶೆ ತಯಾರಿಸಲು ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಬಳಸುತ್ತವೆ. ಅವೆಲ್ಲದರ ಅಡಿಪಾಯದಲ್ಲಿ 'ಪ್ರಾಜ್' ಎಂಬ ಒಂದು ಲೈಬ್ರರಿ ಇದೆ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ, ಬೇರೆ ತಂತ್ರಾಂಶಗಳು ಎರವಲು ಪಡೆದು ಬಳಸುವ ಲೆಕ್ಕಾಚಾರಗಳ ಕಟ್ಟು. ಅದರ ಹೆಸರು ಸಾಮಾನ್ಯ ಬಳಕೆದಾರನ ಕಣ್ಣಿಗೆ ಬೀಳುವುದೇ ಇಲ್ಲ. ಅದು ತಪ್ಪಿದರೆ ಮಾತ್ರ ನಕಾಶೆಯ ಮೇಲಿನ ಮನೆ ಹೊಳೆಯ ಆಚೆ ದಡದಲ್ಲಿ ಕಾಣಿಸುತ್ತದೆ.

ಚಕ್ಕೋತದ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ನೋಡಿ. ಅದು ಒಂದೋ ಹರಿಯುತ್ತದೆ, ಇಲ್ಲವೇ ಸುಕ್ಕಾಗುತ್ತದೆ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಇಳಿಸುವಾಗಲೂ ಇದೇ ಕಷ್ಟ. ಆಕಾರ ಉಳಿಸಿಕೊಂಡರೆ ವಿಸ್ತೀರ್ಣ ಕೆಡುತ್ತದೆ, ವಿಸ್ತೀರ್ಣ ಉಳಿಸಿಕೊಂಡರೆ ಆಕಾರ ಕೆಡುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಮಾಡುವ ಗಣಿತದ ಸೂತ್ರಕ್ಕೆ ಪ್ರಕ್ಷೇಪ ಎನ್ನುತ್ತಾರೆ. ಪ್ರಾಜ್‌ನಲ್ಲಿ ಇಂತಹ ನೂರಕ್ಕೂ ಹೆಚ್ಚು ಪ್ರಕ್ಷೇಪಗಳಿವೆ. ಅವುಗಳ ಪಟ್ಟಿಯನ್ನು ಓದುವುದೆಂದರೆ ಎರಡು ಸಾವಿರ ವರ್ಷಗಳ ಭೂಗೋಳ ಶಾಸ್ತ್ರದ ಚರಿತ್ರೆಯನ್ನು ಓದಿದಂತೆ. ಅದರಲ್ಲಿ 'ನಿಕೊಲೋಸಿ' ಎಂಬ ಒಂದು ಹೆಸರಿದೆ. ಸಿಸಿಲಿಯ ನಿಕೊಲೋಸಿ 1660ರಲ್ಲಿ ಪ್ರಕಟಿಸಿದ, ಅರ್ಧ ಭೂಗೋಳವನ್ನು ಒಂದು ವೃತ್ತದೊಳಗೆ ತೋರಿಸುವ ವಿಧಾನ ಅದು. ಆದರೆ ಇದೇ ವಿಧಾನವನ್ನು ಕ್ರಿ.ಶ. 1000ದ ಸುಮಾರಿಗೇ ಅಲ್ ಬಿರೂನಿ ವಿವರಿಸಿದ್ದರು. ನಿಕೊಲೋಸಿ ಆರೂವರೆ ಶತಮಾನಗಳ ಬಳಿಕ ಅದನ್ನು ಮತ್ತೆ ಕಂಡುಹಿಡಿದರು, ಹೆಸರು ಅವರದೇ ಉಳಿಯಿತು. ಇದರಲ್ಲಿ ಪಿತೂರಿ ಹುಡುಕಬೇಕಾಗಿಲ್ಲ. ಪ್ರಕ್ಷೇಪಗಳ ಚರಿತ್ರೆಯನ್ನು ಬರೆದ ಪಾಶ್ಚಾತ್ಯ ವಿದ್ವಾಂಸರೇ ಇದನ್ನು ದಾಖಲಿಸಿದ್ದಾರೆ.

ಬಿರೂನಿಯವರಿಗೆ ಈ ಗಣಿತ ಕೇವಲ ಕುತೂಹಲದ ವಿಷಯವಾಗಿರಲಿಲ್ಲ. 1025ರಲ್ಲಿ ಮುಗಿಸಿದ 'ತಹ್‌ದೀದ್' ಗ್ರಂಥದಲ್ಲಿ ಅವರು ನಗರಗಳ ನಡುವಿನ ಅಂತರವನ್ನು ಅಳೆದು ಘಝ್ನಿಯ ಸ್ಥಾನವನ್ನೂ ಅಲ್ಲಿಂದ ಕಿಬ್ಲಾದ, ಅಂದರೆ ಮಕ್ಕಾದ ಕಅಬಾದ, ದಿಕ್ಕನ್ನೂ ಲೆಕ್ಕ ಹಾಕಿದರು. ಪ್ರಾಜ್‌ನ ಜೊತೆಗೆ ಬರುವ 'ಜಿಯೋಡ್' ಎಂಬ ಸಣ್ಣ ಸಾಧನ ಮಾಡುವುದೂ ಈ ಲೆಕ್ಕವನ್ನೇ. ಎರಡು ಸ್ಥಳಗಳನ್ನು ಕೊಟ್ಟರೆ ಅವುಗಳ ನಡುವಿನ ಅತಿ ಹತ್ತಿರದ ದಾರಿ ಮತ್ತು ಹೊರಡುವ ದಿಕ್ಕನ್ನು ಅದು ಹೇಳುತ್ತದೆ. ಈ ಲೆಕ್ಕದಲ್ಲೂ ಒಂದು ತೊಡಕಿತ್ತು. ಸರ್ವೆಯವರು 1975ರಿಂದ ಹೆಚ್ಚಾಗಿ ಬಳಸುತ್ತಿದ್ದ ವಿನ್ಸೆಂಟಿಯವರ ಸೂತ್ರ, ಭೂಮಿಯ ಎದುರುಬದುರು ತುದಿಗಳಲ್ಲಿರುವ ಸ್ಥಳಗಳಿಗೆ ಉತ್ತರವನ್ನೇ ಕೊಡದೆ ಸುತ್ತುತ್ತಾ ಉಳಿಯುತ್ತಿತ್ತು. ಮಕ್ಕಾದ ಎದುರು ತುದಿ ಪೆಸಿಫಿಕ್ ಸಾಗರದಲ್ಲಿ ಫ್ರೆಂಚ್ ಪಾಲಿನೇಷಿಯಾದ ದ್ವೀಪಗಳ ಬಳಿ ಬರುತ್ತದೆ. 2013ರಲ್ಲಿ ಚಾರ್ಲ್ಸ್ ಕಾರ್ನಿ ಎಂಬ ವಿಜ್ಞಾನಿ ಎಲ್ಲಿಯೂ ಸೋಲದ ವಿಧಾನವನ್ನು ಪ್ರಕಟಿಸಿದರು. ಇಂದಿನ ಪ್ರಾಜ್‌ನಲ್ಲಿರುವುದು ಅವರು ಬರೆದುಕೊಟ್ಟ ಲೆಕ್ಕವೇ.

ಪ್ರಾಜ್ ಹುಟ್ಟಿದ್ದು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ವುಡ್ಸ್ ಹೋಲ್ ಕಚೇರಿಯಲ್ಲಿ, 1980ರ ದಶಕದಲ್ಲಿ. ಸಮುದ್ರತಳದ ನಕಾಶೆಗಳಿಗಾಗಿ ಗೆರಾಲ್ಡ್ ಎವೆಂಡೆನ್ ಅದನ್ನು ಬರೆದರು. ಅವರಿಗೆ ನೆರವಾದ ಸೂತ್ರಗಳಲ್ಲಿ ಅನೇಕವು ಜಾನ್ ಸ್ನೈಡರ್ ಅವರ ಕೈಪಿಡಿಗಳಿಂದ ಬಂದವು. ಈ ಸ್ನೈಡರ್ ವೃತ್ತಿಯಲ್ಲಿ ರಾಸಾಯನಿಕ ಎಂಜಿನಿಯರ್. ಉಪಗ್ರಹ ತೆಗೆದ ಚಿತ್ರಗಳನ್ನು ನಕಾಶೆಗೆ ಇಳಿಸುವ ಸೂತ್ರ ತಜ್ಞರಿಗೆ ಸಿಗದೆ ಇದ್ದಾಗ, 1970ರ ದಶಕದಲ್ಲಿ ಬಿಡುವಿನ ವೇಳೆಯಲ್ಲಿ ಅದನ್ನು ಬಿಡಿಸಿಕೊಟ್ಟವರು ಅವರೇ. ಸರ್ಕಾರಿ ನೌಕರ ಬರೆದದ್ದಾದ್ದರಿಂದ ಪ್ರಾಜ್ ಯಾರ ಸ್ವತ್ತೂ ಆಗಿರಲಿಲ್ಲ, ಯಾರು ಬೇಕಾದರೂ ಬಳಸಬಹುದಿತ್ತು. 2000ದ ಸುಮಾರಿಗೆ ಕೆನಡಾದ ಫ್ರಾಂಕ್ ವಾರ್ಮರ್‌ಡ್ಯಾಮ್ ಅದರ ಹೊಣೆ ಹೊತ್ತರು.

ಅವರು ಹೊತ್ತ ಹೊಣೆಯ ಭಾರ ತಿಳಿಯಬೇಕಾದರೆ ನಮ್ಮದೇ ನೆಲಕ್ಕೆ ಬರಬೇಕು. ಟಿಪ್ಪು ಸುಲ್ತಾನರು ಹುತಾತ್ಮರಾದ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಪಡೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದರು. ಗೆದ್ದ ನಾಡನ್ನು ಸಮುದ್ರದಿಂದ ಸಮುದ್ರಕ್ಕೆ ಅಳೆಯಬೇಕೆಂಬ ಯೋಜನೆಯನ್ನು ಮುಂದಿಟ್ಟವರು ಅವರು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದರು. 1802ರ ಎಪ್ರಿಲ್‌ನಲ್ಲಿ ಮದ್ರಾಸಿನಿಂದ ಆ ಮಹಾ ಸರ್ವೆ ಆರಂಭವಾಯಿತು. ತ್ರಿಕೋನಗಳ ಸರಪಣಿ ಮಂಗಳೂರನ್ನು ಮುಟ್ಟಿದಾಗ ತಿಳಿದದ್ದು, ಮದ್ರಾಸಿಗೂ ಮಂಗಳೂರಿಗೂ ಇರುವ ಅಂತರ ಹಳೆಯ ನಕಾಶೆಗಳು ಹೇಳುತ್ತಿದ್ದಂತೆ 400 ಮೈಲಿಯಲ್ಲ, ಸುಮಾರು 360 ಮೈಲಿ ಮಾತ್ರ. 40 ಮೈಲಿ ಅಗಲದ ನೆಲ ಕಾಗದದಿಂದ ಮಾಯವಾಯಿತು! ವಸಾಹತುಶಾಹಿಯ ದುರಾಸೆಗಾಗಿ ನಡೆದ ಅಳತೆ ಎಂಬುದು ನಿಜ. ಅಳತೆ ಪ್ರಾಮಾಣಿಕವಾಗಿತ್ತು ಎಂಬುದೂ ನಿಜ.

ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ನಂತರ ಜಾರ್ಜ್ ಎವರೆಸ್ಟ್ ಆ ಕೆಲಸ ಮುಂದುವರಿಸಿದರು. ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಎಷ್ಟು ಚಪ್ಪಟೆ ಎಂಬ ಲೆಕ್ಕವನ್ನು ಎವರೆಸ್ಟ್ 1830ರಲ್ಲಿ ಪ್ರಕಟಿಸಿದರು. ಸರ್ವೆ ಆಫ್ ಇಂಡಿಯಾದ ನಕಾಶೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಇದೇ ಆಕಾರವನ್ನು ನಂಬಿಕೊಂಡು ಬಂದವು. ಎವರೆಸ್ಟ್ ಅಳೆದದ್ದು ಅಡಿಗಳಲ್ಲಿ. ಆ ಅಡಿಯನ್ನು ಮೀಟರಿಗೆ ಪರಿವರ್ತಿಸುವಾಗ ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಸರ್ವೆಯವರು ಬೇರೆ ಬೇರೆ ಅನುಪಾತಗಳನ್ನು ಹಿಡಿದರು. ಹೀಗಾಗಿ ಪ್ರಾಜ್‌ನಲ್ಲಿ ಎವರೆಸ್ಟ್ ಹೆಸರಿನ ಭೂಮಿಗಳು ಒಂದಲ್ಲ, ಐದು ಇವೆ. ಒಂದರಲ್ಲಿ ಭೂಮಧ್ಯದ ತ್ರಿಜ್ಯ 63,77,276.345 ಮೀಟರ್, ಇನ್ನೊಂದರಲ್ಲಿ 63,77,304.063 ಮೀಟರ್. ಇಪ್ಪತ್ತೆಂಟು ಮೀಟರಿನ ಈ ವ್ಯತ್ಯಾಸದಿಂದ ಸಾವಿರ ಕಿಲೋಮೀಟರಿಗೆ ನಾಲ್ಕು ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಹೊಸದಾಗಿ ಬಂದ ಪ್ರೋಗ್ರಾಮರ್ ಈ ಐದು ಸಾಲುಗಳನ್ನು ನೋಡಿ ನಾಲ್ಕು ಯಾರದೋ ಕೈತಪ್ಪು ಎಂದುಕೊಂಡು ಅಳಿಸಿಬಿಟ್ಟನೆಂದರೆ, ಮಲೇಷ್ಯಾದ ಹಳೆಯ ನಕಾಶೆಯೊಂದು ಓದಲಾಗದೆ ಹೋಗುತ್ತದೆ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಎವರೆಸ್ಟರ ಭೂಮಿ ಭಾರತಕ್ಕೆ ಚೆನ್ನಾಗಿ ಹೊಂದುವಂತೆ ಕೂರಿಸಿದ್ದು. ಅದರ ಕೇಂದ್ರ ಭೂಮಿಯ ನಿಜವಾದ ಕೇಂದ್ರದಿಂದ ಸುಮಾರು 800 ಮೀಟರ್ ದೂರದಲ್ಲಿದೆ. ಜಿಪಿಎಸ್ ಬಳಸುವ 'ಡಬ್ಲ್ಯೂಜಿಎಸ್ 84' ಎಂಬ ವ್ಯವಸ್ಥೆಯಾದರೋ ನಿಜವಾದ ಕೇಂದ್ರವನ್ನೇ ಹಿಡಿಯುತ್ತದೆ. ಆದ್ದರಿಂದ ಹಳೆಯ ನಕಾಶೆಯ ಅಕ್ಷಾಂಶ ರೇಖಾಂಶವನ್ನು ಹಾಗೆಯೇ ಜಿಪಿಎಸ್‌ಗೆ ಕೊಟ್ಟರೆ ನಮ್ಮ ಕರಾವಳಿಯಲ್ಲಿ ನೂರು ಮೀಟರಿಗೂ ಹೆಚ್ಚು ಆಚೀಚೆ ಹೋಗಿ ನಿಲ್ಲುತ್ತೇವೆ. ಪ್ರಾಜ್‌ನ ಹಳೆಯ ಆವೃತ್ತಿಗಳಲ್ಲಿ ಭೂಮಿಯ ಆಕಾರವನ್ನು ಮಾತ್ರ ಹೇಳಿ ಅದರ ಕೇಂದ್ರ ಎಲ್ಲಿದೆ ಎಂದು ಹೇಳದಿದ್ದರೆ, ಅದು ಸ್ಥಳವನ್ನು ಕದಲಿಸದೆ ಸುಮ್ಮನೆ ಉತ್ತರ ಕೊಡುತ್ತಿತ್ತು. ಎಚ್ಚರಿಕೆಯಿಲ್ಲ, ದೂರಿಲ್ಲ. ಕಾಡಿನ ಗಡಿ ಗುರುತಿಸುವಾಗ ನೂರು ಮೀಟರ್ ಎಂದರೆ ಒಂದು ಬಡ ಕುಟುಂಬದ ಮನೆ ಮತ್ತು ತೋಟ ಒಳಗೋ ಹೊರಗೋ ಎಂಬ ಪ್ರಶ್ನೆ. ಲೆಕ್ಕ ತಪ್ಪಾಗಿರಲಿಲ್ಲ, ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಂತ್ರ ಕೇಳಿರಲಿಲ್ಲ. ನಮ್ಮಲ್ಲಿ 2005ರ ರಾಷ್ಟ್ರೀಯ ನಕಾಶೆ ನೀತಿ ಸಾರ್ವಜನಿಕರ ನಕಾಶೆಗಳನ್ನು ಡಬ್ಲ್ಯೂಜಿಎಸ್ 84ಕ್ಕೆ ಬದಲಿಸಿತು. ಆದರೆ ಹಳೆಯ ಹಾಳೆಗಳು ಕಚೇರಿಗಳ ಕಪಾಟಿನಲ್ಲಿಯೂ ಹಳೆಯ ದಾಖಲೆಗಳಲ್ಲಿಯೂ ಉಳಿದವು.

ವಾರ್ಮರ್‌ಡ್ಯಾಮ್ ಅವರ ಕಾಲದಲ್ಲಿ ಪ್ರಾಜ್‌ಗೆ ಒಂದು ದೇಶದ ಅಳತೆಯಿಂದ ಇನ್ನೊಂದು ದೇಶದ ಅಳತೆಗೆ ದಾಟುವ ಸಾಮರ್ಥ್ಯ ಬಂತು. ಆದರೆ ಪ್ರತಿ ದಾಟುವಿಕೆಯೂ ಡಬ್ಲ್ಯೂಜಿಎಸ್ 84ರ ಮೂಲಕವೇ ಹೋಗಬೇಕಿತ್ತು. ಮಂಗಳೂರಿನಿಂದ ಉಡುಪಿಗೆ ಹೋಗಬೇಕಾದವನು ಬೆಂಗಳೂರಿಗೆ ಹೋಗಿಯೇ ಬರಬೇಕು ಎಂದಂತೆ. ಹೋಗುವಾಗೊಂದು ಮೀಟರ್, ಬರುವಾಗೊಂದು ಮೀಟರ್ ಕಳೆದುಹೋಗುತ್ತಿತ್ತು. ಆ ದಿನಗಳಿಗೆ ಅದು ಸಾಕಾಗಿತ್ತು. ಅದನ್ನು ದೂಷಿಸುವುದು ಸರಿಯಲ್ಲ. ಆದರೆ ಅಳತೆಯ ಉಪಕರಣಗಳು ಸೆಂಟಿಮೀಟರಿಗೆ ಇಳಿದಾಗ ಈ ಸುತ್ತುದಾರಿ ದೋಷವೆನಿಸಿತು. ಜೊತೆಗೆ ನೆಲವೇ ನಿಂತಲ್ಲಿ ನಿಲ್ಲುವುದಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಆಸ್ಟ್ರೇಲಿಯಾ ಸುಮಾರು 7 ಸೆಂ.ಮೀ. ಸರಿಯುತ್ತದೆ. ಅಲ್ಲಿ 1994ರ ಅಳತೆಗೂ 2020ರ ಅಳತೆಗೂ 1.8 ಮೀಟರ್ ವ್ಯತ್ಯಾಸ ಬಂದು, ದೇಶದ ಎಲ್ಲ ಅಂಕಿಗಳನ್ನೂ ಬದಲಿಸಬೇಕಾಯಿತು. ಎಲ್ಲಿ ಎಂದು ಕೇಳಿದರೆ ಸಾಲದು, ಯಾವಾಗ ಎಂದೂ ಕೇಳಬೇಕು.

ಈ ಪ್ರಶ್ನೆಯನ್ನು ಪ್ರಾಜ್‌ಗೆ ಕಲಿಸಿದವರು ಡೆನ್ಮಾರ್ಕಿನ ನಕಾಶೆ ಇಲಾಖೆಯ ಥಾಮಸ್ ಕ್ನುಡ್ಸನ್ ಮತ್ತು ಕ್ರಿಸ್ಟಿಯನ್ ಎವರ್ಸ್. 2018ರ ಮಾರ್ಚ್‌ನ ಐದನೇ ಆವೃತ್ತಿಯಲ್ಲಿ ಸ್ಥಳದ ಜೊತೆಗೆ ಕಾಲವೂ ಲೆಕ್ಕಕ್ಕೆ ಬಂತು. ಅದೇ ವರ್ಷ ಫ್ರಾನ್ಸಿನ ಇವನ್ ರೂವೋ ಇಡೀ ವ್ಯವಸ್ಥೆಯನ್ನು ಸರಿಪಡಿಸಲು ಮುಂದೆ ಬಂದರು. ಬಿಡುವಿನ ವೇಳೆಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ ಅದು. ಅಮೆರಿಕದ ರೈತರು ನೆರೆಹೊರೆಯವರ ಕೊಟ್ಟಿಗೆಯನ್ನು ಎಲ್ಲರೂ ಸೇರಿ ಎಬ್ಬಿಸುವ ಸಂಪ್ರದಾಯದ ಹೆಸರಿನಲ್ಲಿ ಚಂದಾ ಎತ್ತಲಾಯಿತು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯಂತೆಯೇ ಇದು. ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳೂ ಸರ್ಕಾರಗಳೂ ಮೂರು ದಶಕ ಬಿಟ್ಟಿಯಾಗಿ ಬಳಸಿದ ವಸ್ತುವಿಗೆ ಇದು ದೊಡ್ಡ ಮೊತ್ತವೇನಲ್ಲ.

2019ರ ಮಾರ್ಚ್‌ನಲ್ಲಿ ಆರನೇ ಆವೃತ್ತಿ ಹೊರಬಂತು. ಡಬ್ಲ್ಯೂಜಿಎಸ್ 84ರ ಮೂಲಕವೇ ಹೋಗಬೇಕೆಂಬ ನಿರ್ಬಂಧ ಹೋಯಿತು. ಯುರೋಪಿನ ತೈಲ ಕಂಪೆನಿಗಳ ಸರ್ವೆ ತಜ್ಞರು ಆರಂಭಿಸಿದ್ದ 'ಇಪಿಎಸ್‌ಜಿ' ಎಂಬ ಜಾಗತಿಕ ದಾಖಲೆ ಪ್ರಾಜ್‌ನ ಒಳಗೇ ಸೇರಿತು. ಯಾವ ದಾರಿಯಲ್ಲಿ ಎಷ್ಟು ಮೀಟರ್ ತಪ್ಪಬಹುದು ಎಂಬುದನ್ನೂ ಅದು ಹೇಳತೊಡಗಿತು.

ಆದರೆ ಸರಿಪಡಿಸಿದ್ದೇ ಹಲವರಿಗೆ ಕೆಟ್ಟಂತೆ ಕಂಡಿತು. ಇಪಿಎಸ್‌ಜಿ ನಿಯಮದಂತೆ ಸ್ಥಳವನ್ನು ಹೇಳುವಾಗ ಮೊದಲು ಅಕ್ಷಾಂಶ, ನಂತರ ರೇಖಾಂಶ. ಪ್ರಾಜ್ ಮಾತ್ರ ಹುಟ್ಟಿದಾಗಿನಿಂದ ರೇಖಾಂಶವನ್ನೇ ಮೊದಲು ಬರೆಯುತ್ತಿತ್ತು. ಆರನೇ ಆವೃತ್ತಿ ನಿಯಮವನ್ನು ಪಾಲಿಸಿತು. ಹಳೆಯ ಅಭ್ಯಾಸದಲ್ಲಿ ಬರೆದಿದ್ದ ತಂತ್ರಾಂಶಗಳಲ್ಲಿ ಎರಡೂ ಅಂಕಿಗಳು ಅದಲುಬದಲಾದವು. ಬೆಂಗಳೂರು ಇರುವುದು ಸುಮಾರು 12.97 ಉತ್ತರ, 77.59 ಪೂರ್ವದಲ್ಲಿ. ಅದನ್ನು ತಿರುಗಿಸಿ ಬರೆದರೆ ಉತ್ತರ ಧ್ರುವದ ಹತ್ತಿರ, ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮದ ಹಿಮಸಾಗರಕ್ಕೆ ಬೀಳುತ್ತದೆ. ಯಾರು ತಪ್ಪಿತಸ್ಥರು? ನಿಯಮ ಪಾಲಿಸಿದವರೇ, ಮೂವತ್ತು ವರ್ಷ ಇದ್ದ ನಡವಳಿಕೆಯನ್ನು ನಂಬಿದವರೇ? ನಿರ್ವಾಹಕರು ಈ ವಾದಕ್ಕೆ ಇಳಿಯಲಿಲ್ಲ. ರೇಖಾಂಶ ಮೊದಲು ಬೇಕೆನ್ನುವವರಿಗೆ ಅದೇ ಕ್ರಮದಲ್ಲಿ ಉತ್ತರ ಪಡೆಯುವ ಒಂದು ಹೆಚ್ಚುವರಿ ಆದೇಶವನ್ನು ಸೇರಿಸಿಕೊಟ್ಟರು. ಹಳೆಯ ಬಾಗಿಲನ್ನು ಕೂಡಲೇ ಮುಚ್ಚಲಿಲ್ಲ. ಮುಚ್ಚಲಿದ್ದೇವೆ ಎಂದು ಮುಂಚಿತವಾಗಿ ಸಾರಿ, 2021ರ ಎಂಟನೇ ಆವೃತ್ತಿಯಲ್ಲಷ್ಟೇ ತೆಗೆದುಹಾಕಿದರು. ಅಷ್ಟರಲ್ಲಿ ಇತರ ತಂತ್ರಾಂಶಗಳ ಕರ್ತೃಗಳಿಗೆ ತಮ್ಮದನ್ನು ತಿದ್ದಿಕೊಳ್ಳಲು ಸಮಯ ಸಿಕ್ಕಿತ್ತು. ನನ್ನ ದೃಷ್ಟಿಯಲ್ಲಿ ಹೊಸ ಸೂತ್ರಗಳಿಗಿಂತ ಈ ಸಾವಧಾನವೇ ದೊಡ್ಡದು.

ಇಂತಹ ಗೊಂದಲ ಮತ್ತೆ ಬಾರದಂತೆ ಐದನೇ ಆವೃತ್ತಿಯಿಂದ ಒಂದು ಪರೀಕ್ಷಾ ಸಾಧನವೂ ಪ್ರಾಜ್‌ನ ಜೊತೆ ಇದೆ. ಇಂಥ ಸ್ಥಳ ಕೊಟ್ಟರೆ ಇಂಥ ಉತ್ತರ ಬರಬೇಕು, ಇಷ್ಟು ಮಿಲಿಮೀಟರಿಗಿಂತ ಹೆಚ್ಚು ತಪ್ಪಬಾರದು ಎಂದು ಅದಕ್ಕೆ ಸಾಲು ಸಾಲಾಗಿ ಬರೆದುಕೊಟ್ಟಿರುತ್ತಾರೆ. ಯಾರು ಯಾವ ತಿದ್ದುಪಡಿ ಕಳುಹಿಸಿದರೂ ಮೊದಲು ಆ ಸಾಲುಗಳೆಲ್ಲ ಉತ್ತೀರ್ಣವಾಗಬೇಕು. ನಿಕೊಲೋಸಿಯ ಹೆಸರಿನಲ್ಲಿರುವ ಬಿರೂನಿಯ ವೃತ್ತಕ್ಕೂ ಅಲ್ಲಿ ತನ್ನದೇ ಪರೀಕ್ಷೆಯಿದೆ. ಪಟ್ಟಿಯಲ್ಲಿ ಎವರೆಸ್ಟರ ಐದು ಭೂಮಿಗಳೂ ಹಾಗೆಯೇ ಇವೆ.