ಪಾಪಕ್ಕೆ ಕ್ಷಮೆ, ಅಪರಾಧಕ್ಕೆ ಶಿಕ್ಷೆ: ಕಥೋಲಿಕ ಧರ್ಮಸಭೆಯ ದೀರ್ಘ ಗೊಂದಲ

ಸ್ಪೇನಿನ ಗ್ರನಾಡಾ ಬಳಿಯ ಎಲ್ವಿರಾ ಎಂಬಲ್ಲಿ ಕ್ರಿ.ಶ. 4ನೇ ಶತಮಾನದ ಆರಂಭದಲ್ಲಿ 19 ಬಿಷಪರು ಸಭೆ ಸೇರಿದ್ದರು. ಆ ಸಭೆಯ ಹೆಸರಿನಲ್ಲಿ 81 ನಿಯಮಗಳು ಉಳಿದುಬಂದಿವೆ. ಅವುಗಳಲ್ಲಿ 71ನೆಯದು ಒಂದೇ ಸಾಲಿನದು. ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೆ ಸಾಯುವ ಗಳಿಗೆಯಲ್ಲೂ ಪರಮಪ್ರಸಾದ ಕೊಡಕೂಡದು ಎನ್ನುತ್ತದೆ ಅದು. ಸುಮಾರು 1,700 ವರ್ಷಗಳ ನಂತರ, 2002ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ ಹೊರಬಿದ್ದ ಕಡತಗಳು ಬೇರೆಯದೇ ಲೋಕವನ್ನು ತೋರಿಸಿದವು. ಅದೇ ಬಗೆಯ ಅಪರಾಧಕ್ಕೆ ಅಲ್ಲಿ ಸಿಗುತ್ತಿದ್ದುದು ವಿಶ್ರಾಂತಿ ರಜೆ, ಮನೋವೈದ್ಯರ ಭೇಟಿ, ಇನ್ನೊಂದು ಚರ್ಚಿಗೆ ವರ್ಗಾವಣೆ. ಅಷ್ಟು ಕಠೋರವಾಗಿದ್ದ ಸಂಸ್ಥೆ ಇಷ್ಟು ಸಡಿಲವಾದದ್ದು ಹೇಗೆ ಎಂಬುದು ಕಳೆದ ಎರಡು ದಶಕಗಳಲ್ಲಿ ಚರ್ಚ್ ಕಾನೂನಿನ ಪಂಡಿತರನ್ನೂ ನ್ಯಾಯಾಧೀಶರನ್ನೂ ಕಾಡಿದ ಪ್ರಶ್ನೆ.

ಆರಂಭದ ಕ್ರೈಸ್ತರಿಗೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರ ತಂದೆಯ ಹೆಂಡತಿಯೊಡನೆ ಬಾಳುತ್ತಿದ್ದವನನ್ನು ಹೊರಗೆ ಹಾಕಲು ಹೇಳುತ್ತದೆ. ಎರಡನೆಯ ಪತ್ರದಲ್ಲಿ ಸಾಕಷ್ಟು ಶಿಕ್ಷೆ ಅನುಭವಿಸಿದವನೊಬ್ಬನನ್ನು ಕ್ಷಮಿಸಿ ಸಂತೈಸುವ ಮಾತಿದೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಂತೂ ಮಾತು ಕೇಳದ ತಪ್ಪಿತಸ್ಥನನ್ನು ಹೊರಗಿನವನೆಂದು ಎಣಿಸುವ ಕ್ರಮವೂ, ಲೆಕ್ಕವಿಡದೆ ಕ್ಷಮಿಸಬೇಕೆಂಬ ಬೋಧನೆಯೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೀಸಿಯಸ್‌ನ ದಮನಕ್ಕೆ ಹೆದರಿ ಧರ್ಮ ತೊರೆದವರು ಮರಳಿ ಬಂದಾಗ ಈ ಜಗಳ ಬೀದಿಗೆ ಬಿತ್ತು. ಅವರನ್ನು ಸೇರಿಸಿಕೊಳ್ಳಲೇಬಾರದು ಎಂದ ರೋಮಿನ ನೊವೇಷಿಯನ್ ಸಿಡಿದು ಬೇರೆ ಪಂಗಡ ಕಟ್ಟಿದ. ದೀರ್ಘ ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬಹುದು ಎಂದ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ನ ಮಾತು ಉಳಿಯಿತು.

ಆ ಪ್ರಾಯಶ್ಚಿತ್ತದ ಸ್ವರೂಪವನ್ನು ಹತ್ತಿರದಿಂದ ನೋಡಬೇಕು. 4ನೇ ಶತಮಾನದ ಉತ್ತರಾರ್ಧದಲ್ಲಿ ಸಿಸೇರಿಯದ ಬಿಷಪ್ ಬೆಸಿಲ್ ಬರೆದಿಟ್ಟ ನಿಯಮದ ಪ್ರಕಾರ ಉದ್ದೇಶಪೂರ್ವಕ ಕೊಲೆಗೆ 20 ವರ್ಷ. ಮೊದಲ 4 ವರ್ಷ ಕೊಲೆಗಾರ ಪ್ರಾರ್ಥನಾಲಯದ ಬಾಗಿಲ ಹೊರಗೆ ಅಳುತ್ತ ನಿಂತು, ಒಳಗೆ ಹೋಗುವವರೆದುರು ತನ್ನ ಪಾಪ ಹೇಳಿಕೊಂಡು, ತನಗಾಗಿ ಪ್ರಾರ್ಥಿಸಿ ಎಂದು ಬೇಡಬೇಕು. ಮುಂದಿನ 5 ವರ್ಷ ಒಳಗೆ ಬಂದು ಧರ್ಮಗ್ರಂಥದ ಪಾಠ ಕೇಳಿ ಹೊರಟುಬಿಡಬೇಕು. ಅನಂತರದ 7 ವರ್ಷ ಮೊಣಕಾಲೂರಿ ಪ್ರಾರ್ಥನೆ. ಕೊನೆಯ 4 ವರ್ಷ ಎಲ್ಲರ ಜೊತೆ ನಿಲ್ಲಬಹುದು, ಆದರೆ ಪರಮಪ್ರಸಾದವಿಲ್ಲ. ಕ್ಷಮೆ ಖಂಡಿತ ಸಿಗುತ್ತಿತ್ತು. ಆದರೆ ಅದು ಶಿಕ್ಷೆಯ ಆಚೆ ದಡದಲ್ಲಿತ್ತು, ಮತ್ತು ದಾಟುವವನನ್ನು ಊರೇ ನೋಡುತ್ತಿತ್ತು.

ಚಕ್ರವರ್ತಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಕ್ರಿ.ಶ. 390ರಲ್ಲಿ ಥೆಸಲೊನಿಕದಲ್ಲಿ ನಡೆದ ಸಾಮೂಹಿಕ ಕೊಲೆಗೆ ಥಿಯೊಡೋಸಿಯಸ್‌ನನ್ನು ಹೊಣೆಮಾಡಿದ ಮಿಲಾನಿನ ಬಿಷಪ್ ಆಂಬ್ರೋಸ್, ಬಹಿರಂಗವಾಗಿ ಪಶ್ಚಾತ್ತಾಪ ಪಡದೆ ಪರಮಪ್ರಸಾದ ಇಲ್ಲ ಎಂದ. ದೊರೆ ರಾಜಚಿಹ್ನೆಗಳನ್ನು ಕಳಚಿಟ್ಟು ಜನರ ನಡುವೆ ಅತ್ತ.

ಆ ಕಾಲದ ಇನ್ನೊಂದು ಪದ್ಧತಿ ಈ ಚರಿತ್ರೆಗೆ ಬಹಳ ಮುಖ್ಯ. ಘೋರ ಪಾಪ ಮಾಡಿದ ಪಾದ್ರಿ ಪಶ್ಚಾತ್ತಾಪಪಟ್ಟರೆ ಸಾಮಾನ್ಯ ಭಕ್ತನಾಗಿ ಬದುಕಬಹುದಿತ್ತು, ಪಾದ್ರಿಯ ಪೀಠಕ್ಕೆ ಮಾತ್ರ ಮರಳುವಂತಿರಲಿಲ್ಲ. ಕ್ಷಮೆ ಆತ್ಮಕ್ಕೆ ಸಂಬಂಧಿಸಿದ್ದು, ಹುದ್ದೆ ಜನರ ನಂಬಿಕೆಗೆ ಸಂಬಂಧಿಸಿದ್ದು ಎಂಬ ವಿವೇಕ ಅದರಲ್ಲಿತ್ತು. ಮುಂದೆ ಮಸುಕಾದದ್ದು ಇದೇ ಗೆರೆ.

6ನೇ ಶತಮಾನದ ಐರ್ಲೆಂಡಿನ ಮಠಗಳಲ್ಲಿ ಪದ್ಧತಿಯ ಸ್ವರೂಪ ಬದಲಾಯಿತು. ಬಹಿರಂಗ ಪ್ರಾಯಶ್ಚಿತ್ತದ ಬದಲು ಗುರುವಿನ ಕಿವಿಯಲ್ಲಿ ಪಾಪನಿವೇದನೆ, ಪ್ರತಿ ಪಾಪಕ್ಕೂ ನಿಗದಿಯಾದ ಉಪವಾಸ. ಹಾಗೆಂದು ಇವು ಮೃದುವಾಗಿದ್ದವು ಎಂದಲ್ಲ. ಅಲ್ಲಿನ ಸನ್ಯಾಸಿ ಫಿನಿಯನ್ ಬರೆದ ಪ್ರಾಯಶ್ಚಿತ್ತ ಸಂಹಿತೆಯಲ್ಲಿ ನೆರೆಯವನನ್ನು ಕೊಂದ ಪಾದ್ರಿಗೆ 10 ವರ್ಷ ಗಡಿಪಾರು. ಹಿಂದಿರುಗಿದ ಮೇಲೆ ಸತ್ತವನ ತಂದೆ ತಾಯಿ ಬದುಕಿದ್ದರೆ ಅವರ ಮುಂದೆ ನಿಂತು, ಮಗನ ಬದಲಿಗೆ ನೀವು ಹೇಳಿದ್ದನ್ನು ನಾನು ಮಾಡುತ್ತೇನೆ ಎಂದು ಒಪ್ಪಿಕೊಳ್ಳಬೇಕು. ನೊಂದವರ ಮನೆ ಬಾಗಿಲಿಗೆ ಹೋಗದೆ ಪ್ರಾಯಶ್ಚಿತ್ತ ಪೂರ್ಣವಾಗದು ಎಂದ ಈ ನಿಯಮ ಇಡೀ ಪರಂಪರೆಯಲ್ಲೇ ಅತ್ಯಂತ ಮಾನವೀಯವಾದದ್ದು. ದುರದೃಷ್ಟವಶಾತ್ ಮುಂದಿನ ಶತಮಾನಗಳು ಪಾಪನಿವೇದನೆಯ ಗುಟ್ಟನ್ನು ಉಳಿಸಿಕೊಂಡಷ್ಟು ನಿಷ್ಠೆಯಿಂದ ಈ ಬಾಗಿಲನ್ನು ನೆನಪಿಟ್ಟುಕೊಳ್ಳಲಿಲ್ಲ.

1049ರ ಸುಮಾರಿಗೆ ಸನ್ಯಾಸಿ ಪೀಟರ್ ಡೇಮಿಯನ್, ಪಾದ್ರಿಗಳ ಲೈಂಗಿಕ ದುರಾಚಾರದ ವಿರುದ್ಧ ಪುಸ್ತಕ ಬರೆದು ಪೋಪ್ 9ನೇ ಲಿಯೋಗೆ ಒಪ್ಪಿಸಿದ. ತಪ್ಪಿತಸ್ಥರೆಲ್ಲರನ್ನೂ ಪದಚ್ಯುತಗೊಳಿಸಿ ಎಂಬುದು ಅವನ ಬೇಡಿಕೆ. ಪೋಪ್ ಪುಸ್ತಕವನ್ನು ಹೊಗಳಿದ, ಆದರೆ ತೀರಾ ಕೆಟ್ಟವರನ್ನು ಬಿಟ್ಟು ಉಳಿದವರಿಗೆ ದಯೆಯ ದಾರಿ ತೆರೆದಿಟ್ಟ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆ ಪಾಪನಿವೇದನೆಯನ್ನು ಕಡ್ಡಾಯ ಮಾಡಿತು. ಅದರ ಗುಟ್ಟು ಒಡೆದ ಪಾದ್ರಿಗೆ ಪದಚ್ಯುತಿ, ಜೀವನಪೂರ್ತಿ ಮಠದಲ್ಲಿ ಬಂಧನ. ಈ ನಡುವೆ ಇಂಗ್ಲೆಂಡಿನಲ್ಲಿ ಅಪರಾಧಿ ಪಾದ್ರಿಗಳನ್ನು ವಿಚಾರಿಸುವವರು ದೊರೆಯೋ ಚರ್ಚೋ ಎಂಬ ಜಗಳದಲ್ಲಿ 1170ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಪ್ರಾಣವೇ ಹೋಯಿತು. ದೊರೆಯ ನ್ಯಾಯಾಲಯದಿಂದ ಪಾದ್ರಿಗಳಿಗಿದ್ದ ವಿನಾಯಿತಿ ಅಲ್ಲಿ ಅಧಿಕೃತವಾಗಿ ರದ್ದಾದದ್ದು 1827ರಲ್ಲಿ.

1917ರಲ್ಲಿ ಮೊದಲ ಬಾರಿಗೆ ಚರ್ಚ್ ಕಾನೂನು ಒಂದೇ ಸಂಹಿತೆಯಾಗಿ ಬಂತು. ಅದರ 2359ನೇ ವಿಧಿ, 16 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ಎಸಗಿದ ಪಾದ್ರಿಗೆ ಅಮಾನತು, ಹುದ್ದೆಯ ನಷ್ಟ, ಗಂಭೀರ ಪ್ರಕರಣದಲ್ಲಿ ಪದಚ್ಯುತಿ ಎಂದು ಸ್ಪಷ್ಟವಾಗಿ ಹೇಳಿತ್ತು. ಅಂದರೆ ಕಾನೂನು ಇತ್ತು. ಬಳಸುವ ಮನಸ್ಸು ಕ್ರಮೇಣ ಕರಗಿತು. ಅದರ ಜಾಗಕ್ಕೆ ಬಂದದ್ದು ಚಿಕಿತ್ಸೆಯ ಭಾಷೆ.

ಈ ಬದಲಾವಣೆಯ ನಡುವೆ ನಿಂತು ಎಚ್ಚರಿಸಿದವರು ಒಬ್ಬರಿದ್ದರು. ಫಾದರ್ ಜೆರಾಲ್ಡ್ ಫಿಟ್ಸ್‌ಜೆರಾಲ್ಡ್ 1947ರಲ್ಲಿ ನ್ಯೂ ಮೆಕ್ಸಿಕೊದ ಹೆಮೆಜ್ ಸ್ಪ್ರಿಂಗ್ಸ್ ಎಂಬಲ್ಲಿ ದಾರಿ ತಪ್ಪಿದ ಪಾದ್ರಿಗಳಿಗಾಗಿ ಆಶ್ರಮ ತೆರೆದರು. ಬಂದವರಲ್ಲಿ ಕುಡುಕರಿದ್ದರು, ಮಕ್ಕಳನ್ನು ಹಾಳುಗೆಡವಿದವರೂ ಇದ್ದರು. 1950ರ ದಶಕದಲ್ಲೇ ಅವರು ಬಿಷಪರಿಗೆ ಪತ್ರದ ಮೇಲೆ ಪತ್ರ ಬರೆದರು: ಎರಡನೆಯ ಗುಂಪಿನವರ ಪಶ್ಚಾತ್ತಾಪವನ್ನು ನಂಬಬೇಡಿ, ಅವರನ್ನು ಮತ್ತೆ ಚರ್ಚುಗಳಿಗೆ ಕಳಿಸಬೇಡಿ. 1963ರಲ್ಲಿ ಪೋಪ್ 6ನೇ ಪೌಲ್ ಅವರಿಗೂ ಇದನ್ನೇ ತಿಳಿಸಿದರು. ಅಂಥವರನ್ನು ಪ್ರತ್ಯೇಕವಾಗಿ ಇಡಲು ಕೆರಿಬಿಯನ್ನಿನ ದ್ವೀಪವೊಂದಕ್ಕೆ ಮುಂಗಡ ಹಣ ಕೂಡ ಕೊಟ್ಟಿದ್ದರು. ಯೋಜನೆ ಕೈಗೂಡಲಿಲ್ಲ. ಚಿಕಿತ್ಸೆ ಮುಗಿಸಿದವರು ಮತ್ತೆ ಚರ್ಚುಗಳಿಗೆ ಹೋದರು. ಪತ್ರಗಳು ಸಾರ್ವಜನಿಕರ ಗಮನಕ್ಕೆ ಬಂದದ್ದು 2009ರಲ್ಲಿ.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಿ 1983ರಲ್ಲಿ ಹೊರತಂದ ಸಂಹಿತೆ ದಂಡನೆಯಿಂದ ದೂರ ಸರಿಯುವ ಈ ಒಲವಿಗೆ ಕಾನೂನಿನ ರೂಪ ಕೊಟ್ಟಿತು. ಹಳೆಯ ಸಂಹಿತೆಯ ದಂಡನೆಯ ಭಾಗದಲ್ಲಿ 220 ವಿಧಿಗಳಿದ್ದವು, ಹೊಸದರಲ್ಲಿ 89. ಬುದ್ಧಿಮಾತು, ಗದರಿಕೆ, ಪಾಲನೆಯ ಇತರ ದಾರಿಗಳು ಯಾವುವೂ ಸಾಲವು ಎಂದು ಮನವರಿಕೆಯಾದರೆ ಮಾತ್ರ ಬಿಷಪರು ದಂಡನೆಗೆ ಕೈಹಾಕಬೇಕು ಎಂದಿತು 1341ನೇ ವಿಧಿ. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಕಷ್ಟದ ನಿರ್ಧಾರವನ್ನು ಮುಂದೂಡಲು ಬಯಸುವ ಅಧಿಕಾರಿಗೆ ಇದಕ್ಕಿಂತ ಅನುಕೂಲವಾದ ವಾಕ್ಯ ಬೇರೆ ಇರಲಿಲ್ಲ.

ಕ್ಷಮೆ ಶಿಕ್ಷೆಯ ಜಾಗವನ್ನು ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ದಾಖಲೆಯಿದೆ. 2003ರಲ್ಲಿ ಜೈಲಿಗೆ ಹೋದ ಅಲ್ಲಿನ ಪಾದ್ರಿಯೊಬ್ಬ ಪ್ರಮಾಣಪತ್ರ ಬರೆದುಕೊಟ್ಟ. 25 ವರ್ಷಗಳಲ್ಲಿ ಸುಮಾರು 30 ಪಾದ್ರಿಗಳ ಬಳಿ 1,500 ಸಲ ಮಕ್ಕಳ ಮೇಲಿನ ದೌರ್ಜನ್ಯದ ಪಾಪನಿವೇದನೆ ಮಾಡಿದ್ದೆ, ಪ್ರತಿ ಸಲ ಮನೆಗೆ ಹೋಗಿ ಪ್ರಾರ್ಥಿಸು ಎಂಬ ಉತ್ತರ ಬಂತು ಎಂದು ಅದರಲ್ಲಿತ್ತು. ಪ್ರತಿ ಕ್ಷಮೆಯೂ ಮುಂದಿನ ಅಪರಾಧಕ್ಕೆ ಅವನ ಮನಸ್ಸನ್ನು ಹಗುರ ಮಾಡಿತ್ತು. ಬೆಲೆ ತೆತ್ತವರು ಮಕ್ಕಳು, ಮತ್ತು ಯಾವ ಪಾಪನಿವೇದನೆಯಲ್ಲೂ ಯಾರೂ ಅವರನ್ನು ಕೇಳಿರಲಿಲ್ಲ.

2002ರ ಜನವರಿಯಲ್ಲಿ 'ಬಾಸ್ಟನ್ ಗ್ಲೋಬ್' ಪತ್ರಿಕೆಯ ವರದಿಗಳು ಆರಂಭವಾದವು. ಡಿಸೆಂಬರಿನಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಪಾದ್ರಿಗಳ ಮೇಲೆ ಆರೋಪ ಬಂದಿತ್ತು ಎಂದು ಜಾನ್ ಜೇ ಕಾಲೇಜಿನ 2004ರ ಅಧ್ಯಯನ ಲೆಕ್ಕ ಹಾಕಿತು. ಡಬ್ಲಿನ್ ಮಹಾಧರ್ಮಪ್ರಾಂತ್ಯದ ಬಗ್ಗೆ 2009ರಲ್ಲಿ ಬಂದ ಮರ್ಫಿ ವರದಿ ಇನ್ನೂ ಆಳಕ್ಕೆ ಇಳಿಯಿತು. ಚರ್ಚಿನ ಸ್ವಂತ ದಂಡನಾ ನಿಯಮಗಳೇ ಅಲ್ಲಿ ಬಳಕೆ ತಪ್ಪಿದ್ದವು ಎಂದು ಅದು ತೋರಿಸಿತು. ಮರುವರ್ಷ ಐರಿಷ್ ಭಕ್ತರಿಗೆ ಬರೆದ ಪತ್ರದಲ್ಲಿ ಪೋಪ್ 16ನೇ ಬೆನೆಡಿಕ್ಟ್, ಇದ್ದ ದಂಡನೆಗಳನ್ನು ಪ್ರಯೋಗಿಸದೆ ಹೋದದ್ದನ್ನು ವೈಫಲ್ಯಗಳ ಸಾಲಿನಲ್ಲಿ ಸೇರಿಸಿದರು. ಆದರೆ ಅವರದೇ ಕಾಲದಲ್ಲಿ, 2006ರಲ್ಲಿ, ಪಾದ್ರಿಗಳ ಪ್ರಭಾವಿ ಸಂಘವೊಂದರ ಸಂಸ್ಥಾಪಕ, ದೌರ್ಜನ್ಯದ ಆರೋಪ ಹೊತ್ತ ಮಾರ್ಸಿಯಲ್ ಮಾಸಿಯೆಲ್‌ನ ವಿಚಾರಣೆಯನ್ನು ವಯಸ್ಸು, ಅನಾರೋಗ್ಯದ ಕಾರಣಕ್ಕೆ ಕೈಬಿಟ್ಟು, ಪ್ರಾರ್ಥನೆ ಮತ್ತು ಪ್ರಾಯಶ್ಚಿತ್ತದ ಬಾಳಿಗೆ ಆಹ್ವಾನಿಸಲಾಗಿತ್ತು. ಆಹ್ವಾನ ಎಂಬ ಪದ ಅವನಿಂದ ನೊಂದವರಿಗೆ ಹೇಗೆ ಕೇಳಿಸಿರಬೇಕು!

2019ರ ಫೆಬ್ರವರಿಯಲ್ಲಿ ಇಂಥದೇ ಅಪರಾಧಕ್ಕಾಗಿ ಮಾಜಿ ಕಾರ್ಡಿನಲ್ ಥಿಯೊಡರ್ ಮೆಕ್ಯಾರಿಕ್‌ನ ಪಾದ್ರಿಪದವಿಯನ್ನೇ ಕಿತ್ತುಕೊಂಡಾಗ ಗಾಳಿ ತಿರುಗಿತ್ತು. ಅದೇ ವರ್ಷ ದೂರು ಸಲ್ಲಿಸುವುದನ್ನು ಪಾದ್ರಿಗಳಿಗೂ ಸನ್ಯಾಸಿನಿಯರಿಗೂ ಕಡ್ಡಾಯ ಮಾಡುವ ನಿಯಮ ಬಂತು, ಡಿಸೆಂಬರಿನಲ್ಲಿ ಇಂಥ ಕಡತಗಳಿಗಿದ್ದ ಪೋಪ್‌ಮಟ್ಟದ ಗೋಪ್ಯತೆ ಹೋಯಿತು. 2021ರಲ್ಲಿ ಪೋಪ್ ಫ್ರಾನ್ಸಿಸ್ ದಂಡನೆಯ ಇಡೀ ಭಾಗವನ್ನು ತಿದ್ದಿ ಬರೆಸಿದರು. ಕರುಣೆಗೂ ದಂಡನೆಗೂ ಇರುವ ನಂಟನ್ನು ಚರ್ಚ್ ಸರಿಯಾಗಿ ಅರಿಯದೆ ಹೋದದ್ದರಿಂದ ಬಹಳ ಹಾನಿಯಾಯಿತು ಎಂದು ಅದರ ಮುನ್ನುಡಿ ಒಪ್ಪಿಕೊಂಡಿದೆ. 1341ನೇ ವಿಧಿಯ ಪ್ರಕಾರ, ಇತರ ದಾರಿಗಳು ಸಾಲದಾದಾಗ ಬಿಷಪರು ಈಗ ಕ್ರಮ ಜರುಗಿಸಲೇಬೇಕು. ಮಕ್ಕಳ ಮೇಲಿನ ದೌರ್ಜನ್ಯ ಹಿಂದೆ ಪಾದ್ರಿವ್ರತದ ಭಂಗವಾಗಿ ಪಟ್ಟಿಯಾಗಿತ್ತು, ಈಗ ಮನುಷ್ಯನ ಘನತೆಯ ವಿರುದ್ಧದ ಅಪರಾಧಗಳ ಸಾಲಿಗೆ ಬಂದಿದೆ. ಮಾಡಿದ ಹಾನಿಯನ್ನು ಸರಿಪಡಿಸುವವರೆಗೆ ದಂಡನೆಯ ಮಾಫಿ ಇಲ್ಲ ಎಂಬ ಸಾಲು 1361ನೇ ವಿಧಿಗೆ ಸೇರಿದೆ. ಫಿನಿಯನ್ ಕಾಲದ ವಿವೇಕ ಕಾನೂನಿಗೆ ಮರಳಲು ಇಷ್ಟು ಶತಮಾನ ಹಿಡಿಯಿತು.

ಮಂಗಳೂರು, ಬೆಂಗಳೂರು ಮೊದಲಾದ ಲ್ಯಾಟಿನ್ ಧರ್ಮಪ್ರಾಂತ್ಯಗಳಿಗೆ ಈ ಸಂಹಿತೆಯೇ ಅನ್ವಯ. ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೊ-ಮಲಬಾರ್ ಧರ್ಮಪ್ರಾಂತ್ಯಗಳು ಪೌರಸ್ತ್ಯ ಸಭೆಗಳ ಪ್ರತ್ಯೇಕ ಸಂಹಿತೆಗೆ ಒಳಪಟ್ಟಿವೆ, ಅದರ ದಂಡನಾ ಭಾಗ 2023ರಲ್ಲಿ ಪರಿಷ್ಕೃತವಾಯಿತು. ಇವೆರಡರ ಮೇಲೆ ನೆಲದ ಕಾನೂನಿದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲಿನ ಅಪರಾಧ ಗೊತ್ತಿದ್ದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಸೆರೆವಾಸ.

ಇಷ್ಟಾದರೂ ಚರ್ಚಿನ ದಂಡನಾ ವಿಚಾರಣೆಯಲ್ಲಿ ನೊಂದವರ ಸ್ಥಾನ ಮುಖ್ಯವಾಗಿ ಸಾಕ್ಷಿಯದ್ದು. ನಷ್ಟ ಪರಿಹಾರ ಕೇಳಿದರೆ ಮಾತ್ರ ಅವರು ಪ್ರಕರಣದ ಪಕ್ಷಗಾರರಾಗಬಹುದು. ಫ್ರಾನ್ಸಿನ ಸ್ವತಂತ್ರ ಆಯೋಗ 2021ರ ಅಕ್ಟೋಬರಿನಲ್ಲಿ, 1950ರಿಂದೀಚೆಗೆ ಅಲ್ಲಿ ಪಾದ್ರಿಗಳು ಮತ್ತು ಸನ್ಯಾಸಿಗಳಿಂದ ಸುಮಾರು 2,16,000 ಮಕ್ಕಳು ನೊಂದಿದ್ದಾರೆ ಎಂದು ಅಂದಾಜಿಸಿತು. ಅಂಥವರಲ್ಲಿ ಒಬ್ಬರು ದೂರು ಕೊಟ್ಟರೆ, ಅಪರಾಧಿ ಹಾನಿಯನ್ನು ಸರಿಪಡಿಸಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವವರು 1361ನೇ ವಿಧಿಯ ಪ್ರಕಾರ ಇಂದಿಗೂ ಬಿಷಪರೇ. ನೊಂದವರ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಆ ವಿಧಿಯಲ್ಲಿಲ್ಲ.