ಪಣಕ್ಕಿಟ್ಟ ಚೆಂಡು

ಜೂಜಿನಲ್ಲಿ ಸೋಲು ಗೆಲುವುಗಳು ದೈವಾಧೀನವೆಂದು ಲೋಕ ಹೇಳುವುದುಂಟು. ದಾಳವೇ ಶಕುನಿಯದಾದರೆ ದೈವಕ್ಕೆ ಅಲ್ಲಿ ಕೆಲಸವೇನು?

1915ರ ಏಪ್ರಿಲ್ 2, ಗುಡ್ ಫ್ರೈಡೆಯ ದಿನ. ಕಾಲ್ಚೆಂಡಾಟದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲಿವರ್‌ಪೂಲ್ ತಂಡವನ್ನು 2–0 ಗೋಲುಗಳಿಂದ ಸೋಲಿಸಿತು. ಸರಿಯಾಗಿ ಅದೇ ಅಂಕಕ್ಕೆ, ಒಂದಕ್ಕೆ ಏಳರ ದರದಲ್ಲಿ, ಬಾಜಿ ಕಟ್ಟಿದ್ದವರು ಬಹು ಮಂದಿ! ಬಾಜಿ ವ್ಯಾಪಾರಿಗಳಿಗೆ ಸಂಶಯ ಹುಟ್ಟಿತು. ವಿಚಾರಣೆ ನಡೆದು ಎರಡೂ ತಂಡಗಳ ಏಳು ಮಂದಿ ಆಟಗಾರರಿಗೆ ಆಜೀವ ಬಹಿಷ್ಕಾರವಾಯಿತು. ಮಹಾಯುದ್ಧದ ದೆಸೆಯಿಂದ ಲೀಗ್ ಪಂದ್ಯಗಳೇ ನಿಲ್ಲಲಿದ್ದ ಕಾಲವದು. ಆಟಗಾರರ ಮುಂದಿನ ಸಂಪಾದನೆಗೆ ಭರವಸೆಯಿರಲಿಲ್ಲ. ಆ ಏಳ್ವರಲ್ಲೊಬ್ಬನಾದ ಸ್ಯಾಂಡಿ ಟರ್ನ್‌ಬುಲ್ 1917ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಅವನ ಬಹಿಷ್ಕಾರ ರದ್ದಾದುದು 1919ರಲ್ಲಿ!

ಭವಿಷ್ಯವನ್ನೇ ಸರಕಾಗಿಸಿಕೊಂಡ ಅಮೆರಿಕದ ಕಾಲ್ಷಿ ಎಂಬ ಪೇಟೆ 2025ರಲ್ಲಿ ಕಾಲ್ಚೆಂಡಾಟದ ಫಲಿತಾಂಶಗಳನ್ನೂ ಕರಾರುಪತ್ರವಾಗಿ ಮಾರತೊಡಗಿತು. ನುಡಿದುದು ದಿಟವಾದರೆ ಒಂದು ಡಾಲರು, ಸಟೆಯಾದರೆ ಸೊನ್ನೆ. ಹೆಸರು ವ್ಯಾಪಾರದ್ದು, ಅಪಾಯ ಮಾತ್ರ ಹಳೆಯದೇ. ಫಲಿತಾಂಶವನ್ನು ತಿರುಚಬಲ್ಲವನೂ ಅದೇ ಪೇಟೆಯಲ್ಲಿ ಗುಟ್ಟಾಗಿ ಕೊಳ್ಳುವವನಾಗಿರಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಬಿತ್ತಿದವನು ಯಾರಲ್ಲಿ ದೂರಬೇಕು?