ಇನ್ನೂರರ ಗೆರೆ: ಎಚ್‌ಐವಿ ಚಿಕಿತ್ಸೆಯ ಆರಂಭಬಿಂದು ಸರಿದ ಬಗೆ

‘ಕೌಂಟ್ ಎಷ್ಟಿದೆ?’ ಎಚ್‌ಐವಿ ಸೋಂಕಿತರಿಗೆ ಮಾತ್ರೆ ಸಿಗುವುದೋ ಇಲ್ಲವೋ ಎಂಬುದು ಬಹುಕಾಲ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿತ್ತು. ಕೌಂಟ್ ಎಂದರೆ ರಕ್ತದ ಒಂದು ಘನ ಮಿಲಿಮೀಟರಿನಲ್ಲಿರುವ ಸಿಡಿ4 ಎಂಬ ರೋಗನಿರೋಧಕ ಕಣಗಳ ಸಂಖ್ಯೆ. 2004ರ ಏಪ್ರಿಲ್ 1ರಂದು ಭಾರತದಲ್ಲಿ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿ ತಡೆಯುವ ಔಷಧ ಚಿಕಿತ್ಸೆ, ಆರಂಭವಾದಾಗ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಮೊದಲ ಕೇಂದ್ರಗಳ ಸಾಲಿನಲ್ಲಿತ್ತು. ಆಗ ಮುಖ್ಯ ಗೆರೆ 200: ಕೌಂಟ್ ಅದಕ್ಕಿಂತ ಇಳಿದರೆ ಮಾತ್ರೆ ಶುರು.

ಈ ಗೆರೆಗೆ ವೈದ್ಯಕೀಯ ಆಧಾರ ಇಲ್ಲದಿರಲಿಲ್ಲ. ಕೌಂಟ್ 200ಕ್ಕಿಂತ ಇಳಿದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾದಂಥ ಸೋಂಕುಗಳು ಮುತ್ತುತ್ತವೆ. ಬೇಗ ಶುರುಮಾಡಿದರೆ ಒಳಿತೆಂಬುದಕ್ಕೆ ಆಗ ಗಟ್ಟಿ ಪುರಾವೆಯೂ ಇರಲಿಲ್ಲ. 1,749 ಮಂದಿ ಪಾಲ್ಗೊಂಡ ಕಾನ್‌ಕಾರ್ಡ್ ಪ್ರಯೋಗ, ಎಝಡ್‌ಟಿ ಔಷಧವೊಂದನ್ನೇ ಮುಂಚಿತವಾಗಿ ಕೊಟ್ಟರೆ ಬದುಕುಳಿಯುವಿಕೆಗೆ ಲಾಭವಿಲ್ಲವೆಂದು 1994ರಲ್ಲಿ ತೋರಿಸಿತ್ತು. 1996ರಲ್ಲಿ ಮೂರು ಔಷಧಗಳ ಜೋಡಣೆ ಬಂದಾಗ ಬೇಗ ಶುರುಮಾಡುವ ಉತ್ಸಾಹ ಮರುಕಳಿಸಿತು. ಕೆನ್ನೆ ಗುಳಿಬೀಳುವ, ಕಾಲಿನ ನರ ಉರಿಯುವ ಅಡ್ಡಪರಿಣಾಮಗಳು ಅದನ್ನು ಮತ್ತೆ ತಗ್ಗಿಸಿದವು. ಆದರೂ 200ನ್ನು ಶುದ್ಧ ವಿಜ್ಞಾನದ ಗೆರೆ ಎಂದು ಓದುವುದು ತಪ್ಪು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿದ್ದ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ 350 ಡಾಲರಿಗೆ ಕೊಡಲು ಮುಂದಾದ ಮೇಲೂ ಬಡ ದೇಶಗಳಲ್ಲಿ ಮಾತ್ರೆಗಿಂತ ರೋಗಿಗಳೇ ಹೆಚ್ಚು. ಯಾರಿಗೆ ಮೊದಲು ಎಂಬ ಪಡಿತರದ ಲೆಕ್ಕವೂ ಆ ಅಂಕಿಯೊಳಗಿತ್ತು.

ಅದರ ಬೆಲೆ ತೆತ್ತವರು ಗೆರೆಗಿಂತ ಮೇಲಿದ್ದವರು. ಅವರ ಹೆಸರು ‘ಪ್ರಿ-ಎಆರ್‌ಟಿ’ ರಿಜಿಸ್ಟರಿಗೆ ಹೋಗುತ್ತಿತ್ತು. ಆರು ತಿಂಗಳು ಬಿಟ್ಟು ಬನ್ನಿ ಎಂಬ ಸೂಚನೆಯೊಂದಿಗೆ ಮನೆಗೆ. ಮೈಯಲ್ಲಿ ನೋವಿಲ್ಲ, ಕೈಯಲ್ಲಿ ಮಾತ್ರೆಯಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಯಾರಾದರೂ ಕಂಡಾರೆಂಬ ಅಳುಕಿನಲ್ಲಿ ಬರಿಯ ರಕ್ತಪರೀಕ್ಷೆಗೆ ಯಾಕೆ ಬರಬೇಕು? ಅನೇಕರು ಬರಲಿಲ್ಲ. ಬಂದಾಗ ಕ್ಷಯ ಹಿಡಿದಿರುತ್ತಿತ್ತು. ಇದನ್ನು ರೋಗಿಯ ಅಸಡ್ಡೆ ಎಂದು ಬರೆದಿಡುವುದು ಸುಲಭ. ನನ್ನ ಎಣಿಕೆಯಲ್ಲಿ ಇದು ವ್ಯವಸ್ಥೆಯೇ ಕಟ್ಟಿದ ಸೋರಿಕೆ.

ಗೆರೆಯನ್ನು ಸರಿಸಿದ್ದು ಪ್ರಯೋಗಗಳು. ಕೌಂಟ್ ಚೆನ್ನಾಗಿದ್ದಾಗ ಔಷಧ ನಿಲ್ಲಿಸಿ, ಇಳಿದಾಗ ಮತ್ತೆ ಕೊಟ್ಟರಾಗದೇ ಎಂದು ‘ಸ್ಮಾರ್ಟ್’ ಅಧ್ಯಯನ 5,472 ಜನರಲ್ಲಿ ಪರೀಕ್ಷಿಸಿತು. 2006ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಎಚ್ಚರಿಸಿತು: ನಿಲ್ಲಿಸಿದ ಗುಂಪಿನಲ್ಲಿ ಸಾವು ಹೆಚ್ಚು, ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳೂ ಹೆಚ್ಚು. ತಡೆಯಿಲ್ಲದ ವೈರಸ್ಸು ರೋಗನಿರೋಧಕ ಶಕ್ತಿಯನ್ನಷ್ಟೇ ಅಲ್ಲ, ಇಡೀ ದೇಹವನ್ನೇ ಸವೆಸುತ್ತದೆ ಎಂಬ ತಿಳಿವು ಬಲಗೊಂಡದ್ದು ಇಲ್ಲಿಂದ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1,763 ಜೋಡಿಗಳ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ ಚೆನ್ನೈ, ಪುಣೆಯ ಕುಟುಂಬಗಳೂ ಇದ್ದವು. ಬೇಗನೆ ಕೊಟ್ಟ ಚಿಕಿತ್ಸೆ ಸಂಗಾತಿಗೆ ಸೋಂಕು ದಾಟುವುದನ್ನು ಶೇ. 96ರಷ್ಟು ತಡೆಯಿತೆಂದು 2011ರಲ್ಲಿ ತಿಳಿಯಿತು. ಕೌಂಟ್ ಚೆನ್ನಾಗಿರುವಾಗಲೇ ಶುರುಮಾಡಿದರೆ ರೋಗಿಗೇ ಒಳಿತೇ ಎಂಬ ಕೊನೆಯ ಪ್ರಶ್ನೆಗೆ ಉತ್ತರಿಸಿದ್ದು 2015ರ ‘ಸ್ಟಾರ್ಟ್’ ಅಧ್ಯಯನ. ಕೌಂಟ್ 500ಕ್ಕಿಂತ ಹೆಚ್ಚಿದ್ದಾಗಲೇ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ, ಕಾದವರಿಗೆ ಹೋಲಿಸಿದರೆ, ಶೇ. 57ರಷ್ಟು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 350ಕ್ಕೆ, 2013ರಲ್ಲಿ 500ಕ್ಕೆ ಏರಿ, 2015ರಲ್ಲಿ ಅಳಿದೇ ಹೋಯಿತು. ಭಾರತ 2017ರಲ್ಲಿ ಅದೇ ನೀತಿ ಒಪ್ಪಿತು: ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ.

ಸಿಡಿ4 ಪರೀಕ್ಷೆ ಮಾತ್ರ ಉಳಿದಿದೆ, 200ರ ಅಂಕಿಯೂ ಉಳಿದಿದೆ. ತಡವಾಗಿ ಬಂದವರ ಕೌಂಟ್ ಅದಕ್ಕಿಂತ ಕೆಳಗಿದ್ದರೆ ಕ್ಷಯ ಮತ್ತು ಕ್ರಿಪ್ಟೊಕಾಕಸ್ ಸೋಂಕನ್ನು ಮೊದಲು ಹುಡುಕಬೇಕೆಂದು ಅದು ಈಗ ವೈದ್ಯರಿಗೆ ಹೇಳುತ್ತದೆ.